ಕೈಬಿಸಿ

ಮಧ್ಯಾಹ್ನದ ಬಿಸಿಲನ್ನು ಮರಳಿನಲ್ಲಿ ಹೂತಿಟ್ಟು ಮರುದಿನ ಬೆಳಿಗ್ಗೆ ತೆಗೆದುಕೊಳ್ಳಬಹುದು ಎಂದು ಗೊತ್ತಾದ ಮೇಲೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಹೊಗೆ ನಿಂತಿತು. ಆ ಹೊಗೆಯನ್ನು ಕಂಡವರು ಈಗ ಕಡಿಮೆ. ಭತ್ತದ ಹೊಟ್ಟು ಸಿಗದ ದಿನ ಹಳೇ ಟೈರು, ಹರಿದ ಚಪ್ಪಲಿ, ಕೈಗೆ ಸಿಕ್ಕಿದ್ದನ್ನೆಲ್ಲ ಒಲೆಗೆ ತುರುಕುತ್ತಿದ್ದರು. ಒಣಗಹಾಕಿದ ಬಿಳಿ ಪಂಚೆ ಸಂಜೆಯೊಳಗೆ ಬೂದಿಬಣ್ಣಕ್ಕೆ ತಿರುಗುತ್ತಿತ್ತು. ಕೆಮ್ಮು ಕೇಳಿಯೇ ಇವರು ಭಟ್ಟಿಯವರೆಂದು ಆಸ್ಪತ್ರೆಯ ಕಾಂಪೌಂಡರು ಹೇಳಿಬಿಡುತ್ತಿದ್ದ.

ಆಮೇಲೆ ಮರಳುಗೂಡು ಬಂತು. ಅದರಲ್ಲಿ ದೊಡ್ಡ ಮಾಯೆಯೇನೂ ಇರಲಿಲ್ಲ. ಎರಡಾಳೆತ್ತರದ ಕಬ್ಬಿಣದ ಡ್ರಮ್ಮು, ಅದರ ತುಂಬ ಮರಳು, ಮರಳಿನ ನಡುವೆ ಸುರುಳಿ ಸುತ್ತಿದ ದಪ್ಪ ತಂತಿ, ಬಿಸಿ ಹೊರಗೆ ಸೋರದಂತೆ ಸುತ್ತಲೂ ದಪ್ಪ ಹೊದಿಕೆ. ಬಯಲುಸೀಮೆಯ ಸೌರಫಲಕಗಳು ನಡುಮಧ್ಯಾಹ್ನ ಹೆರುವಷ್ಟು ಕರೆಂಟನ್ನು ಯಾರೂ ಉಣ್ಣಲಾರರು. ಆ ಹೆಚ್ಚಿನ ಕರೆಂಟನ್ನು ಆ ತಂತಿಗೆ ಹರಿಸಿದರೆ ಮರಳು ಕೆಂಡವಾಗುತ್ತದೆ, ದಿನಗಟ್ಟಲೆ ಆರುವುದಿಲ್ಲ. ಬೇಕಾದಾಗ ಬಾಗಿಲು ತೆರೆದು ಬಿಸಿಯನ್ನು ಬಳಸಿಕೊಳ್ಳಬಹುದು. ಜನ ಇದನ್ನು ಬೇಗ ಕಲಿಯಲಿ ಎಂದು ಸರ್ಕಾರ ಸಹಾಯಧನ ಇಟ್ಟಿತು. ಎಡವಿದ್ದು ಅಲ್ಲಿ. ಗೂಡಿನಿಂದ ಎಷ್ಟು ಬಿಸಿ ಹೊರಬಂತೋ ಅಷ್ಟಕ್ಕೆ ಸಹಾಯಧನ, ಅದೂ ಕರೆಂಟಿಗೆ ಕಟ್ಟುವುದಕ್ಕಿಂತ ಹೆಚ್ಚು. ಆ ಬಿಸಿಯಿಂದ ಏನು ಬೆಂದಿತು, ಏನು ಒಣಗಿತು ಎಂದು ಯಾರೂ ಕೇಳುವಂತಿರಲಿಲ್ಲ. ಇದರ ಮೇಲೆ ಇನ್ನೊಂದು ನಿಯಮ: ಈ ವರ್ಷ ಯಾರು ಹೆಚ್ಚು ಬಿಸಿ ಬಳಸಿದರೋ ಮುಂದಿನ ವರ್ಷ ಅವರ ಕಡೆಗೆ ಹೆಚ್ಚು ತಂತಿ, ಹೆಚ್ಚು ಗೂಡು. ಬಳಸದವರಿಗೆ ಇದ್ದದ್ದೂ ಇಲ್ಲ.

ಈ ನಿಯಮ ಮಾಡಿದವರು ದಡ್ಡರಿರಲಿಲ್ಲ ಎಂದು ಸಾವಂತ್ರಿಗೆ ಕಡೆಕಡೆಗೆ ಅನ್ನಿಸತೊಡಗಿತ್ತು. ದಡ್ಡರಾಗಿದ್ದರೆ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ.

ಸಾವಂತ್ರಿ ಶಾಖ ಪ್ರಾಧಿಕಾರದ ಕಂಟ್ರೋಲ್ ರೂಮಿನಲ್ಲಿ ಕೆಲಸ ಮಾಡುತ್ತಿದ್ದಳು. ಭಟ್ಟಿಯವರ ಬಾಯಲ್ಲಿ ಅದು ಬಿಸಿ ಆಫೀಸು. ಅವಳು ಸೊಸೆಯಾಗಿ ಬಂದ ಮನೆ ಭಟ್ಟಿಗಲ್ಲಿಯ ತುದಿಯಲ್ಲಿತ್ತು; ಬೆಳಿಗ್ಗೆ ಅತ್ತೆಯೊಂದಿಗೆ ಒಂದಿಷ್ಟು ಕೈಜೋಡಿಸಿಯೇ ಆಫೀಸಿಗೆ ಹೋಗುತ್ತಿದ್ದಳು. ಅತ್ತೆ ಹಾಲಮ್ಮ. ಉಪ್ಪುನೀರು ಸೋಕಿಸಿದ ಅಕ್ಕಿಯನ್ನು ಕಾದ ಮರಳಿಗೆ ಬಿಟ್ಟು, ಕಡ್ಡಿಕಟ್ಟಿನಿಂದ ಎರಡು ಸುತ್ತು ತಿರುವಿ, ಅಕ್ಕಿ ಅರಳಿದ ಚಣದಲ್ಲಿ ಜರಡಿಗೆ ಎಳೆದುಕೊಳ್ಳುವ ಕೆಲಸದಲ್ಲಿ ಅವಳ ಕೂದಲು ನೆರೆತಿತ್ತು, ಬಾಯಿ ಮಾತ್ರ ನೆರೆತಿರಲಿಲ್ಲ.

ಆ ಗಲ್ಲಿಯಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಮರಳನ್ನು ತಣ್ಣಗಿನಿಂದ ಕಾಯಿಸುವುದೇ ಕಷ್ಟ, ಒಮ್ಮೆ ಕಾದ ಮೇಲೆ ಹಿಡಿದಿಡುವುದು ಸಲೀಸು. ಹಾಗಾಗಿ ಯಾರ ಒಲೆ ಮೊದಲು ಹತ್ತಿತೋ ಅವರು ಕೆಂಡದಂಥ ಮರಳನ್ನು ಬುಟ್ಟಿಯಲ್ಲಿ ಪಕ್ಕದ ಮನೆಯ ಬಾಣಲೆಗೆ ಸುರಿಯಬೇಕು, ಅವರು ಅದರಾಚೆಯವರಿಗೆ. ಹೊಟ್ಟಿಗಾಗಿ ಪರದಾಡುತ್ತಿದ್ದ ಕಾಲದಲ್ಲಿ ಹುಟ್ಟಿದ ಈ ಪದ್ಧತಿಗೆ ಗಲ್ಲಿಯವರು ಕೈಬಿಸಿ ಎನ್ನುತ್ತಿದ್ದರು. ಜಗಳವಾಡಿ ಮುಖ ತಿರುವಿಕೊಂಡವರೂ ಕೈಬಿಸಿ ತಪ್ಪಿಸುತ್ತಿರಲಿಲ್ಲ. ಮರಳುಗೂಡು ಬಂದ ಮೇಲೂ ಅದು ನಿಲ್ಲಲಿಲ್ಲ. ದಿನಕ್ಕೆ ಒಂದು ಮನೆಯ ಗೂಡು ತೆರೆದರೆ ಸಾಕು, ಇಡೀ ಗಲ್ಲಿಯ ಬಾಣಲೆಗಳು ಕಾಯುತ್ತಿದ್ದವು. ಮಿಕ್ಕವರ ಗೂಡುಗಳು ತಮ್ಮ ಸರದಿಗಾಗಿ ತುಂಬಿಕೊಂಡು ಸುಮ್ಮನೆ ನಿಂತಿರುತ್ತಿದ್ದವು. ಮೀಟರು ಇದ್ದದ್ದು ಗೂಡಿನ ಬಾಗಿಲಿಗೆ. ಬಾಗಿಲು ತೆರೆಯದ ದಿನ ಅದು ಸೊನ್ನೆ ತೋರಿಸುತ್ತಿತ್ತು.

"ಹಾಲಕ್ಕ, ನೀನೊಬ್ಬಳು ಹುಚ್ಚಿ ನೋಡು," ಎಂದು ಪಕ್ಕದ ಭಟ್ಟಿಯ ಮಾಬುಬಿ ಒಂದು ಬೆಳಿಗ್ಗೆ ಬುಟ್ಟಿ ಹಿಡಿದು ನಿಂತೇ ಹೇಳಿದಳು. "ಹೈವೇ ಕಡೆ ಗೋದಾಮಿನೋರು ಗೂಡಿನ ಬಾಗಿಲು ಹಾರುಹೊಡೆದು ಕುಂತಾರಂತೆ. ಬಿಸಿ ಗಾಳಿಗೆ ಹೋದ್ರೂ ದುಡ್ಡು ಬರ್ತೈತಂತೆ. ನಾವಿಲ್ಲಿ ಬುಟ್ಟಿ ಹೊತ್ಕೊಂಡು ಸಾಯ್ತೀವಿ."

"ನೀನೂ ತೆಗೀ, ಯಾರು ಬ್ಯಾಡ ಅಂದ್ರು?"

"ತೆಗೀಬೋದಿತ್ತು. ಕೈ ಬರಂಗಿಲ್ಲ ನೋಡು."

"ಹಂಗಾದ್ರೆ ಬುಟ್ಟಿ ಇತ್ಲಾಗೆ ಹಿಡಿ, ನನ್ನ ತೋಳು ಬಿದ್ದೋಗ್ತೈತೆ. ಮರಳು ತಗೊಂಡು ಹೋಗೋದು ಬಿಟ್ಟು ಭಾಷಣ ಮಾಡ್ತಾಳೆ!"

ಸಾವಂತ್ರಿ ನಕ್ಕಳು. ಆಫೀಸಿಗೆ ಹೋಗಿ ಕುರ್ಚಿಯಲ್ಲಿ ಕೂತಾಗ ಆ ನಗೆ ಉಳಿಯಲಿಲ್ಲ.

ಕಂಟ್ರೋಲ್ ರೂಮಿನ ಗೋಡೆಯ ತುಂಬ ಊರಿನ ನಕಾಶೆ ಇತ್ತು. ಬಿಸಿ ಎಲ್ಲಿ ಹೊರಬರುತ್ತಿದೆಯೋ ಅಲ್ಲಿ ಕೆಂಪು, ಇಲ್ಲದ ಕಡೆ ನೀಲಿ. ಭಟ್ಟಿಗಲ್ಲಿ ನೀಲಿಯಾಗಿತ್ತು, ನಡುವೆ ಒಂದೇ ಒಂದು ಕೆಂಪು ಚುಕ್ಕೆ. ಹೈವೇ ಪಕ್ಕದಲ್ಲಿ, ಊರಿನ ಹೊರಗೆ, ಒಂದು ಕಡೆ ಮಾತ್ರ ಕೆಂಪು ಉಕ್ಕಿ ಹರಿಯುತ್ತಿತ್ತು. ಅದು ಮಾಲತೇಶಪ್ಪನವರ ಗೋದಾಮು. ಮೆಕ್ಕೆಜೋಳ ಒಣಗಿಸಲೆಂದು ಅಲ್ಲಿ ಸಾಲುಸಾಲು ಗೂಡುಗಳನ್ನು ಹಾಕಿಸಿದ್ದರು.

"ಸರ್, ಮೆಕ್ಕೆಜೋಳದ ಸುಗ್ಗಿ ಮುಗಿದು ತಿಂಗಳುಗಳಾದ್ವು," ಎಂದಳು ಸಾವಂತ್ರಿ. "ಗೋದಾಮಿನಾಗೆ ಕಾಳೂ ಇಲ್ಲ. ಲಾರಿ ಹೋಗಿದ್ದೂ ಕಾಣೆ. ಬಿಸಿ ಮಾತ್ರ ಹಗಲೂ ರಾತ್ರಿ ಹೊರಗೆ ಬರ್ತೈತೆ. ಏನು ಒಣಗಿಸ್ತಾರೆ?"

ಅವಳ ಮೇಲಧಿಕಾರಿ ಪ್ರಾಣೇಶ ಕನ್ನಡಕ ತೆಗೆದು ಒರೆಸಿಕೊಂಡರು. ಕೆಟ್ಟ ಮನುಷ್ಯರಲ್ಲ. ಆದರೆ ಕನ್ನಡಕ ಒರೆಸಬೇಕಾದಾಗಲೆಲ್ಲ ಏನನ್ನೋ ನೋಡದೆ ಇರುವ ಇರಾದೆ ಅವರಿಗೆ ಇರುತ್ತಿತ್ತು.

"ಏನು ಒಣಗಿಸ್ತಾರೆ ಅಂತ ಕೇಳೋದು ನಮ್ಮ ಕೆಲಸ ಅಲ್ಲಮ್ಮ. ಬಿಸಿ ಬಂತಾ, ಮೀಟರು ಓಡ್ತಾ, ಅಷ್ಟೆ. ಮಾಲತೇಶಪ್ಪನವರು ಉಸ್ತುವಾರಿ ಸಮಿತಿಯ ಸದಸ್ಯರು ಬೇರೆ."

"ಅವರ ಗೋದಾಮಿಗೆ ಅವರೇ ಉಸ್ತುವಾರಿ?"

"ಅನುಭವಸ್ಥರು ಬೇಕಲ್ಲ ಸಮಿತಿಗೆ." ಅವರು ಕನ್ನಡಕ ಹಾಕಿಕೊಂಡರು. "ಇನ್ನೊಂದು ವಿಷಯ. ನಿಮ್ಮ ಗಲ್ಲಿ ತಣ್ಣನೆ ಗ್ರಾಹಕರ ಪಟ್ಟಿಗೆ ಬಂದಿದೆ. ಸಮಿತಿ ಒಂದು ಅಹವಾಲು ಸಭೆ ಕರೀತದೆ. ಅಲ್ಲಿ ಸರಿಯಾಗಿ ಹೇಳ್ಕೊಂಡ್ರೆ ಉಳೀತದೆ. ಇಲ್ಲಾಂದ್ರೆ ಆ ಲೈನು ಕಿತ್ತು ಗೋದಾಮಿನ ಹೊಸ ಗೂಡುಗಳಿಗೆ ಕೊಡ್ತಾರೆ."

ಸಾವಂತ್ರಿ ಗೋಡೆಯ ನೀಲಿಯತ್ತ ತಿರುಗಿದಳು. ಲೈನು ಹೋದರೆ ಗಲ್ಲಿ ಮತ್ತೆ ಹೊಟ್ಟು, ಟೈರಿಗೆ ಹೋಗಬೇಕು. ಹೊಗೆಗೆ ಈಗ ಜೈಲಿತ್ತು. ಅಂದರೆ ಭಟ್ಟಿಗಳೇ ಮುಚ್ಚಬೇಕು.

ಸಭೆ ಪ್ರಾಧಿಕಾರದ ತಂಪು ಸಭಾಂಗಣದಲ್ಲಿ ನಡೆಯಿತು. ವೇದಿಕೆಯ ನಡುವೆ ರಾಜಧಾನಿಯಿಂದ ಬಂದ ಅಧ್ಯಕ್ಷರು, ಅವರ ಬಲಕ್ಕೆ ಬಿಳಿ ಶರ್ಟಿನ ಮಾಲತೇಶಪ್ಪ. ಗೋಡೆಯ ಮೇಲೆ ಅಂಕಿ ತೋರಿಸಲು ಸಾವಂತ್ರಿ ಮೂಲೆಯಲ್ಲಿ ಕೂತಿದ್ದಳು. ಗಲ್ಲಿಯ ಪರವಾಗಿ ಮಾತಾಡಲು ಎಲ್ಲರೂ ಸೇರಿ ಹಾಲಮ್ಮನನ್ನು ಕಳಿಸಿದ್ದರು. ಅವಳು ಮದುವೆಗೆ ಉಡುವ ಸೀರೆ ಉಟ್ಟು ಬಂದಿದ್ದಳು.

"ನಿಮ್ಮ ಗಲ್ಲಿಯ ಮೀಟರುಗಳು ಹೆಚ್ಚಿನ ದಿನ ಸೊನ್ನೆ ತೋರಿಸ್ತವೆ," ಎಂದರು ಅಧ್ಯಕ್ಷರು. "ಆದರೂ ಊರೆಲ್ಲ ನಿಮ್ಮ ಮಂಡಕ್ಕಿಯನ್ನೇ ತಿನ್ನುತ್ತೆ. ಇದು ಹೇಗೆ ಸಾಧ್ಯ?"

ಹಾಲಮ್ಮನ ಮುಖ ಅರಳಿತು. ಇಷ್ಟು ಸುಲಭದ ಪ್ರಶ್ನೆ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ.

"ನಾವು ಕೈಬಿಸಿ ಮಾಡ್ತೀವಲ್ರಿ ಸಾಹೇಬ್ರೆ."

ಸಭಾಂಗಣದಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಧ್ಯಕ್ಷರು ಮುಂದಕ್ಕೆ ಬಾಗಿದರು. "ಏನು ಮಾಡ್ತೀರಿ?"

"ಕೈಬಿಸಿ. ನಮ್ಮ ಅತ್ತೆ ಕಾಲದಿಂದ್ಲೂ ಮಾಡ್ಕೊಂತ ಬಂದೀವಿ. ಕೈಬಿಸಿ ಇಲ್ದೆ ನಮ್ಮ ಗಲ್ಲೀಲಿ ಒಂದು ಕೆಲ್ಸ ನಡಿಯಂಗಿಲ್ಲ."

"ಯಾರಿಗೆ ಮಾಡ್ತೀರಿ?"

"ಎಲ್ಲಾರಿಗೂ. ಯಾರನ್ನೂ ಬಿಡಂಗಿಲ್ಲ."

"ನಮ್ಮ ಪ್ರಾಧಿಕಾರದವರಿಗೂ?"

"ಮೀಟರು ನೋಡಾಕೆ ಬರ್ತಾರಲ್ಲ, ಪಾಪ, ಚಳಿಗಾಲದಾಗೆ ಗಡಗಡ ನಡುಗ್ತಾ ಬರ್ತಾರೆ. ಅವರಿಗೂ ಕೈಬಿಸಿ ಮಾಡೇ ಕಳಿಸ್ತೀವಿ. ಬರಿಗೈಲಿ ಕಳಿಸಿದ್ರೆ ಚೆನ್ನಾಗಿರ್ತೈತೇನ್ರಿ?"

ಚಳಿಯಲ್ಲಿ ಬಂದವನ ಅಂಗೈಗೆ ಬಿಸಿಮರಳಿನ ಬಟ್ಟೆಗಂಟು ಕೊಡುವುದು ಅವಳು ಹೇಳಿದ್ದರ ಅರ್ಥ. ಗಲ್ಲಿಯ ಹೊರಗೆ ಆ ಮಾತಿಗೆ ಇರುವ ಇನ್ನೊಂದು ಅರ್ಥ ಅವಳ ತಲೆಗೆ ಹೊಳೆಯಲೇ ಇಲ್ಲ. ಅವಳ ಬಾಯಲ್ಲಿ ಆ ಮಾತು ಮೊದಲಿನಿಂದಲೂ ಮರಳೇ ಆಗಿತ್ತು. ಸಭೆಯ ನಗೆಯನ್ನು ಮೆಚ್ಚುಗೆಯೆಂದುಕೊಂಡು ಅವಳು ವೇದಿಕೆಯ ಕಡೆ ಕೈ ಚಾಚಿ, "ತಾವೂ ಒಂದಿನ ಬರ್ರಿ, ತಮಗೂ ಮಾಡ್ತೀವಿ," ಎಂದುಬಿಟ್ಟಳು.

ಸಾವಂತ್ರಿ ಎದ್ದು ನಿಂತಳು. "ಸರ್, ಅವರು ಹೇಳ್ತಿರೋದು ಬೇರೆ! ಕೈಬಿಸಿ ಅಂದ್ರೆ ಇಲ್ಲಿ ಬಿಸಿ ಮರಳು ಹಂಚಿಕೊಳ್ಳೋದು. ಲಂಚ ಅಲ್ಲ."

"ನೀವು ಯಾರು?"

"ಕಂಟ್ರೋಲ್ ರೂಮಿನವಳು. ಅವರ ಸೊಸೆ."

ಮಾಲತೇಶಪ್ಪ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಮೆಲ್ಲಗೆ ಹೇಳಿದರು, "ನೋಡಿ ಸಾರ್. ಮನೆಯವರೇ ಒಳಗಿದ್ದಾರೆ. ಇನ್ನು ಮೀಟರು ಸೊನ್ನೆ ತೋರಿಸದೆ ಏನು ಮಾಡ್ತದೆ?"

ಸಾವಂತ್ರಿ ಗೋಡೆಯ ಮೇಲೆ ಗೋದಾಮಿನ ಕೆಂಪು ಚಿತ್ರವನ್ನು ತರಲು ಕೈ ಚಾಚಿದಳು. ಪ್ರಾಣೇಶ ಅವಳ ಮುಂದಿನ ಪರದೆಯನ್ನು ಆರಿಸಿದರು. "ಕೂತ್ಕೊಳ್ಳಮ್ಮ," ಎಂದರು, ಕನ್ನಡಕ ತೆಗೆಯುತ್ತ.

ನಡಾವಳಿಯಲ್ಲಿ ಬರೆದದ್ದು ಇಷ್ಟು: ಭಟ್ಟಿಗಲ್ಲಿಯ ಪ್ರತಿನಿಧಿಯು ಮೀಟರು ಓದುವ ನೌಕರರಿಗೆ ರೂಢಿಯಾಗಿ ಲಂಚ ನೀಡುತ್ತಿರುವುದನ್ನು ಬಹಿರಂಗ ಸಭೆಯಲ್ಲಿ ಒಪ್ಪಿಕೊಂಡಿದ್ದಾರೆ. ಅಧ್ಯಕ್ಷರಿಗೂ ಆಮಿಷ ಒಡ್ಡಿದ್ದಾರೆ. ಲೈನು ತೆಗೆಯತಕ್ಕದ್ದು.

ಮನೆಗೆ ಬರುವ ದಾರಿಯಲ್ಲಿ ಹಾಲಮ್ಮ ಖುಷಿಯಾಗಿದ್ದಳು. ಸಾಹೇಬರು ನಕ್ಕಿದ್ದನ್ನು, ಬರೆದುಕೊಂಡದ್ದನ್ನು ಮಾಬುಬಿಗೆ ಹೇಳುವ ಆತುರ ಅವಳಿಗೆ. ಭಟ್ಟಿಯ ಬಾಗಿಲಲ್ಲಿ ಸಾವಂತ್ರಿ ಅವಳನ್ನು ಕೂರಿಸಿ ಆ ಮಾತಿನ ಇನ್ನೊಂದು ಅರ್ಥವನ್ನು ಹೇಳಿದಳು. ಹಾಲಮ್ಮ ಮದುವೆಯ ಸೀರೆಯ ಸೆರಗನ್ನು ಬಿಚ್ಚಿ ಮಡಿಸಿದಳು, ಮತ್ತೆ ಬಿಚ್ಚಿದಳು.

"ನಾನೇ ಅಂದ್ನೇನೇ?" ಎಂದಳು ಕೊನೆಗೆ. "ಅಷ್ಟು ಜನರ ಮುಂದೆ ನಾನೇ ನಮ್ಮನ್ನ ಕಳ್ರು ಅಂದ್ನೇನೇ?"

"ನೀವು ಅನ್ನಲಿಲ್ಲ ಅತ್ತೆಮ್ಮ. ಅವರಿಗೆ ಹಂಗೆ ಕೇಳಿಸ್ತು."

"ಅವರಿಗೆ ಬ್ಯಾರೆ ಕೇಳಂಗಿಲ್ಲ ಬಿಡು. ಆ ಮಾತು ಕೇಳಿದ ಕೂಡ್ಲೇ ಅವರಿಗೆ ಅದೊಂದೇ ನೆನಪಾಗ್ತೈತೆ ಅಂದ್ರೆ, ದಿನಾ ಅದರಾಗೇ ಮುಳುಗಿರ್ತಾರೆ ಅಂತಾಯ್ತು." ಅವಳ ದನಿ ಏರಿತು. "ನಮ್ಮ ಮರಳಿಗೆ ಇದ್ದದ್ದು ಅದೊಂದು ಹೆಸರು. ಅದನ್ನೂ ಹೊಲಸು ಮಾಡಿದ್ರಲ್ಲೇ ಇವ್ರು!"

ಮಾಬುಬಿ ತನ್ನ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ.

ಲೈನು ತೆಗೆಯುವ ಆದೇಶ ಕಂಟ್ರೋಲ್ ರೂಮಿಗೆ ಬಂದಾಗ ಪ್ರಾಣೇಶ ಅದನ್ನು ಸಾವಂತ್ರಿಯ ಮೇಜಿಗೇ ತಂದಿಟ್ಟರು.

"ನೀವೇ ಮಾಡಿ. ನಿಮ್ಮ ಕೈಯಿಂದಾದ್ರೆ ಗಲ್ಲೀಲಿ ಗಲಾಟೆ ಆಗಲ್ಲ."

"ನಮ್ಮ ಮನೆ ಒಲೆ ಆರಿಸೋಕೆ ನನ್ನ ಕೈ ಬೇಕಾ ಸರ್ ನಿಮಗೆ?"

"ಭಾವುಕರಾಗಬೇಡಿ. ಇದು ಯೋಜನೆ."

"ಯಾವ ಯೋಜನೆ? ಖಾಲಿ ಗೋದಾಮಿನ ಬಿಸಿ ನೋಡಿ ಈ ಊರಿಗೆ ಬಿಸಿ ಸಾಲದು ಅಂತ ರಾಜಧಾನಿಗೆ ವರದಿ ಕಳಿಸಿದ್ರಿ. ಆ ವರದಿ ನಂಬಿ ಅಲ್ಲಿಂದ ದಪ್ಪ ಲೈನು ಎಳೆದ್ರು. ಎಳೆದ ಲೈನಿನ ಕರೆಂಟು ಉಣ್ಣೋರಿಲ್ಲ ಅಂತ ಮತ್ತೆ ಗೋದಾಮಿಗೇ ಗೂಡು ಕೊಡ್ತೀರಿ. ಉಂಡವನಿಗೇ ಬಡಿಸ್ತಾ ಹೋಗೋದಕ್ಕೆ ಯೋಜನೆ ಅಂತೀರಾ? ಮಿಗಿಸಿದೋರು ಕಳ್ಳರು, ಚೆಲ್ಲಿದೋನು ಮಾದರಿ ಗ್ರಾಹಕ. ಇದನ್ನ ದಿನಾ ಈ ಗೋಡೆ ಮೇಲೆ ನೋಡಿ ನಿಮಗೆ ಕಣ್ಣು ಉರಿಯಲ್ವಾ? ಆ ಕನ್ನಡಕ ಒರೆಸಿ ಒರೆಸಿ ಗಾಜು ಸವೆದುಹೋಗಿರಬೇಕು!"

ರೂಮಿನಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. ಪಕ್ಕದ ಕುರ್ಚಿಯ ತಿಪ್ಪೇಶನ ಕಡೆ ಪ್ರಾಣೇಶ ಆದೇಶ ಸರಿಸಿದರು. ತಿಪ್ಪೇಶ ಸಾವಂತ್ರಿಯ ಮುಖ ನೋಡಲಾರದೆ ಗುಂಡಿ ಒತ್ತಿದ. ಗೋಡೆಯ ಮೇಲೆ ಭಟ್ಟಿಗಲ್ಲಿಯ ನೀಲಿಯೂ ಹೋಗಿ ಬರೀ ಬೂದು ಉಳಿಯಿತು.

ಸಾವಂತ್ರಿ ಚೀಲ ಹೆಗಲಿಗೆ ಹಾಕಿಕೊಂಡು ಹೊರನಡೆದಳು.

ಗೂಡುಗಳಲ್ಲಿ ಉಳಿದಿದ್ದ ಬಿಸಿಯಿಂದ ಗಲ್ಲಿ ಕೆಲವು ದಿನ ನಡೆಯಿತು. ಆ ಬಿಸಿ ತೀರಿದ ಬೆಳಿಗ್ಗೆ ಹೆಂಗಸರೆಲ್ಲ ತಣ್ಣನೆ ಬಾಣಲೆಗಳ ಮುಂದೆ ಕೂತಿದ್ದರು. ನೆನೆಸಿ, ಉಪ್ಪು ಹಾಕಿ ಸಿದ್ಧ ಮಾಡಿದ ಅಕ್ಕಿ ಚೀಲಗಳಲ್ಲಿ ಕೆಡುತ್ತ ಬಿದ್ದಿತ್ತು. ಹಾಲಮ್ಮ ಹರಿದ ಟೈರೊಂದನ್ನು ಎಲ್ಲಿಂದಲೋ ಎಳೆದು ತಂದಿದ್ದಳು.

"ಜೈಲಿಗೆ ಹಾಕ್ಲಿ," ಎಂದಳು. "ಹೆಂಗೂ ಕಳ್ಳಿ ಅಂತ ಬರ್ದಾರೆ."

"ಟೈರು ಬಿಡ್ರಿ ಅತ್ತೆಮ್ಮ," ಎಂದಳು ಸಾವಂತ್ರಿ. "ಬಾಣಲೆ ಎತ್ರಿ. ಎಲ್ಲಾರೂ. ಮರಳು, ಅಕ್ಕಿ, ಜರಡಿ, ಎಲ್ಲ ಗಾಡಿಗೆ ಹಾಕ್ರಿ. ಬಿಸಿ ಎಲ್ಲಿ ಸುರಿದು ಹೋಗ್ತೈತೆ ಅಂತ ನಾನು ದಿನಾ ನೋಡೀನಿ."

ಗೋದಾಮಿನ ಹಿಂಗೋಡೆಯಿಂದ ದಪ್ಪ ಕೊಳವೆಗಳು ಹೊರಬಂದು, ಸಾರ್ವಜನಿಕ ರಸ್ತೆಯ ಚರಂಡಿಯ ಮೇಲೆ ಮೊಣಕಾಲೆತ್ತರದಲ್ಲಿ ಬಗ್ಗಿ, ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದವು. ಒಳಗೆ ಫ್ಯಾನುಗಳು ಮೊರೆಯುತ್ತಿದ್ದವು. ಸುತ್ತಲ ಜಾಲಿಗಿಡ ಕರಕಲಾಗಿತ್ತು. ಮೇಲಿನ ಗಾಳಿ ನೀರಿನಂತೆ ಅಲುಗುತ್ತಿತ್ತು. ಹಾಲಮ್ಮ ಮೊದಲ ಸಲ ಅದನ್ನು ಕಂಡು ಎದೆಯ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಯಸ್ಸೆಲ್ಲ ಒಂದು ಬುಟ್ಟಿ ಬಿಸಿಗಾಗಿ ಬಗ್ಗಿದ ಬೆನ್ನು ಅವಳದು.

"ಅಯ್ಯೋ ಇವ್ನ ಮನೆ ಹಾಳಾಗ," ಎಂದಳು. "ಬರೀ ಆಕಾಶ ಕಾಯಿಸ್ತಾ ಕುಂತಾನಲ್ಲೇ!"

ಕೊಳವೆಗಳ ಬಾಯಿಗೆ ಕಲ್ಲು ಹೊಂದಿಸಿ ಬಾಣಲೆ ಇಟ್ಟರು. ಅಳತೆ ಕೊಟ್ಟು ಮಾಡಿಸಿದ ಒಲೆಗಳಂತಿದ್ದವು ಅವು. ಮರಳು ಕಾಯಿತು. ಅಕ್ಕಿ ಬಿದ್ದು ಚಟಚಟನೆ ಅರಳಿತು. ಹೈವೇಯ ಲಾರಿಗಳು ನಿಂತವು, ಡ್ರೈವರುಗಳು ಇಳಿದು ಬಿಸಿಮಂಡಕ್ಕಿ ಮುಕ್ಕುತ್ತ ಫೋಟೋ ತೆಗೆದರು.

ಹೊತ್ತು ನೆತ್ತಿಗೇರುವಾಗ ಮಾಲತೇಶಪ್ಪ ಕಾರಿನಲ್ಲಿ ಬಂದರು. ಹಿಂದೆಯೇ ಪೊಲೀಸ್ ಜೀಪು.

"ಕಳ್ಳತನ ಇನ್‌ಸ್ಪೆಕ್ಟರೇ! ಹಾಡಹಗಲೇ ಕಳ್ಳತನ! ಎಲ್ಲಾರನ್ನೂ ಒಳಗೆ ಹಾಕಿ."

ಇನ್‌ಸ್ಪೆಕ್ಟರು ಬಾಣಲೆಗಳನ್ನೂ ಕೊಳವೆಗಳನ್ನೂ ನೋಡಿದ. ಮಾಬುಬಿ ಅವನ ಕೈಗೆ ಒಂದು ಬೊಗಸೆ ಮಂಡಕ್ಕಿ ಹಾಕಿದಳು. ಅವನು ಬೇಡವೆನ್ನುವುದನ್ನು ಮರೆತು ತಿಂದ.

"ದೂರು ಕೊಡಿ ಸಾರ್. ಏನು ಕದ್ರು?"

"ಬಿಸಿ!"

"ಗೋದಾಮಿನ ಒಳಗೆ ನುಗ್ಗಿದ್ರಾ?"

"ಇಲ್ಲ. ಇಲ್ಲೇ, ಈ ಕೊಳವೆಯಿಂದ."

"ಈ ಕೊಳವೆಯಿಂದ ಬಿಸಿ ಎಲ್ಲಿಗೆ ಹೋಗ್ತಿತ್ತು?"

ಲಾರಿ ಡ್ರೈವರುಗಳ ಫೋನುಗಳೆಲ್ಲ ಮಾಲತೇಶಪ್ಪನವರ ಮುಖದ ಕಡೆಗಿದ್ದವು.

"ಹೇಳ್ರಿ ಯಜಮಾನ್ರೆ," ಎಂದಳು ಹಾಲಮ್ಮ, ಅಕ್ಕಿ ತಿರುವುವುದನ್ನು ನಿಲ್ಲಿಸದೆ. "ಮೆಕ್ಕೆಜೋಳಕ್ಕೆ ಹೋಗ್ತಿತ್ತು ಅಂತ ಹೇಳ್ರಿ. ಮ್ಯಾಲೆ ಮೋಡದಾಗೆ ಒಣಗಾಕೆ ಇಟ್ಟೀರೇನೋ, ನಮಗೆ ಕಾಣವಲ್ದು."

ನಗೆ ಎದ್ದಿತು. ಮಾಲತೇಶಪ್ಪ ದೂರು ಕೊಡಲಿಲ್ಲ. ಮುಖ ಕಪ್ಪಿಟ್ಟು ಗೇಟಿನ ಕಡೆ ತಿರುಗಿ, "ಫ್ಯಾನು ನಿಲ್ಸಿ! ಎಲ್ಲಾ ಬಾಗಿಲು ಹಾಕಿ!" ಎಂದು ಕೂಗಿದರು. ಒಳಗಿನ ಮೊರೆತ ಒಂದೊಂದಾಗಿ ಅಡಗಿತು.

ಸ್ವಲ್ಪ ಹೊತ್ತಿನಲ್ಲೇ ಸಾವಂತ್ರಿಯ ಫೋನು ಹೊಡೆದುಕೊಂಡಿತು. ತಿಪ್ಪೇಶ.

"ಸಾವಂತ್ರಕ್ಕ, ಗೋದಾಮಿನ ಗೂಡೆಲ್ಲ ತುಂಬಿ ನಿಂತಾವೆ, ಇನ್ನು ಒಂದಿಷ್ಟೂ ಹಿಡಿಯಲ್ಲ! ಈಗ ಮಧ್ಯಾಹ್ನದ ಪೂರ್ತಿ ಕರೆಂಟು ಬರೋ ಹೊತ್ತು. ಎಲ್ಲಿಗೆ ಬಿಡ್ಲಿ?"

"ಫಲಕದ ಕಡೆಯವರಿಗೆ ಹೇಳಿ ಕರೆಂಟು ನಿಲ್ಲಿಸು."

"ನಿಲ್ಲಿಸಿದ್ರೆ ರಾಜಧಾನೀಲಿ ಗೊತ್ತಾಗ್ತದೆ. ಬಿಸಿ ಸಾಲದು ಅಂತ ವರದಿ ಕೊಟ್ಟ ಊರು ಕರೆಂಟು ಯಾಕೆ ಬೇಡ ಅಂತು ಅಂತ ಕೇಳ್ತಾರೆ. ಸರ್ ಬೆವೆತುಹೋಗ್ಯಾರೆ. ಖಾಲಿ ಇರೋದು ನಿಮ್ಮ ಗಲ್ಲಿ ಗೂಡು ಮಾತ್ರ. ಇರು, ಸರ್ ಮಾತಾಡ್ತಾರೆ."

ಪ್ರಾಣೇಶರ ದನಿ ಕೇಳಿತು. "ಸಾವಂತ್ರಿ, ನಿಮ್ಮ ಗಲ್ಲಿಗೆ ಲೈನು ವಾಪಸ್ ಕೊಡ್ತೀವಿ. ಈಗಲೇ. ಗೂಡುಗಳ ಸ್ವಿಚ್ಚು ಹಾಕೋಕೆ ಹೇಳಿ."

"ನನ್ನ ಕೇಳಬೇಡಿ ಸರ್. ಗೂಡಿನವರನ್ನ ಕೇಳಿ," ಎಂದು ಸಾವಂತ್ರಿ ಫೋನನ್ನು ಅತ್ತೆಯ ಕಿವಿಗೆ ಹಿಡಿದಳು.

"ಅಮ್ಮಾ," ಎಂದಿತು ದನಿ. "ನಿಮ್ಮ ಗೂಡಿಗೆ ಕರೆಂಟು ಬಿಡ್ತೀವಿ. ಸ್ವಲ್ಪ ಬೇಗ ಹೋಗಿ ಸ್ವಿಚ್ಚು ಹಾಕಿ."

"ಹಾಕ್ತೀವಪ್ಪ. ನಮ್ಮನ್ನ ಕಳ್ರು ಅಂತ ಬರ್ದೀರಲ್ಲ, ಅದನ್ನ ಹೊಡೆದುಹಾಕು ಮೊದ್ಲು."

"ಅದು ಸಮಿತಿ ತೀರ್ಮಾನ, ನನ್ನ ಕೈಲಿಲ್ಲಮ್ಮ."

"ಹಂಗಾದ್ರೆ ಯಾರ ಕೈಲೈತೋ ಅವರಿಗೆ ಹೇಳು. ಈ ಗೋದಾಮಿನ ಗೋಡೆ ಹತ್ರಕ್ಕೆ ಬಂದು, ಇಷ್ಟು ಜನರ ಮುಂದೆ, ಸಭೇಲಿ ನಕ್ರಲ್ಲ ಅಷ್ಟೇ ಜೋರಾಗಿ, ತಪ್ಪಾಯ್ತು ಅನ್ಲಿ. ಆಮ್ಯಾಲೆ ಸ್ವಿಚ್ಚು."

"ಅಷ್ಟು ಹೊತ್ತು ಕಾಯೋಕಾಗಲ್ಲಮ್ಮ! ಇಲ್ಲಿ—"

ಹಾಲಮ್ಮ ಫೋನನ್ನು ಕಿವಿಯಿಂದ ಸರಿಸಿದಳು. ಸಾವಂತ್ರಿ ಅದನ್ನು ಆರಿಸಿದಳು. ಕೊಳವೆ ತಣ್ಣಗಾಗುತ್ತಿತ್ತು, ಬಾಣಲೆಯ ಮರಳಿನಲ್ಲಿ ಮಾತ್ರ ಬಿಸಿ ಇನ್ನೂ ಇತ್ತು. ಹಾಲಮ್ಮ ಬೊಗಸೆ ಅಕ್ಕಿ ಬಿಟ್ಟಳು.

ಫೋನು ಮತ್ತೆ ಹೊಡೆದುಕೊಂಡಿತು. ನಿಂತಿತು. ಮತ್ತೆ ಹೊಡೆದುಕೊಂಡಿತು.

"ಎತ್ತಲಾ ಅತ್ತೆಮ್ಮ?"

"ಬಡ್ಕೊಳ್ಳಿ ಬಿಡು," ಎಂದಳು ಹಾಲಮ್ಮ, ಕಡ್ಡಿಕಟ್ಟು ತಿರುವುತ್ತ. "ಈ ಬಾಣಲೆ ಇಳೀಲಿ."